ಹುಳಿಮಣ್ಣಿನ ಗಿಡ

ನರ್ಸರಿಯವಳಿಗೆ ಪೇಟೆಯಲ್ಲಿದ್ದ ಹೆಸರು ‘ಮುಚ್ಚಳ’. ಆಯುಷ್ಯವಿಡೀ ಗಿಡ ಮಾರಿದರೂ ಗಿಡದ ಗುಟ್ಟನ್ನು ಒಬ್ಬರಿಗೂ ಬಿಟ್ಟುಕೊಟ್ಟವಳಲ್ಲ. ಕೇಳಿದವರಿಗೆ ಉತ್ತರವೇನೋ ಸಿಗುತ್ತಿತ್ತು, ಆದರೆ ತಲೆಕೆಳಗಾದ ಉತ್ತರ. ನೆರಳಿನ ಗಿಡವನ್ನು ಬಿಸಿಲಿಗಿಡಿ ಅನ್ನುವಳು. ಸತ್ತರೆ ಇನ್ನೊಂದು ಕೊಳ್ಳಲು ಬರಲಿ ಅಂತ. ಒಡಹುಟ್ಟಿದ ತಂಗಿಯನ್ನೂ ಬಿಟ್ಟಿರಲಿಲ್ಲ ಮಹಾತಾಯಿ! ಗುಲಾಬಿಗೆ ಬೆಳಿಗ್ಗೆ ಸಂಜೆ ಕೊಡಗಟ್ಟಲೆ ನೀರು ಹುಯ್ಯಿ ಅಂದಿದ್ದಳು. ಬೇರು ಕೊಳೆತು ಗಿಡ ಸತ್ತಾಗ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ನೆಂಟರೆದುರೇ ನಕ್ಕಿದ್ದಳು. ಟೈಲರ್ ತಂಗಿ ಅದನ್ನೆಲ್ಲ ಎಂದೋ ಮರೆತಿದ್ದಾಳೆ ಎಂದೇ ಅಕ್ಕನ ಲೆಕ್ಕಾಚಾರ.

ಅಕ್ಕನಿಗೆ ನಿಜವಾಗಿ ಜೀವವಿದ್ದದ್ದು ಒಂದೇ ಒಂದು ಕುಂಡದ ಮೇಲೆ. ಊರಾಚೆಯ ಬೆಟ್ಟದಲ್ಲಿ ಮಾತ್ರ ಬೆಳೆಯುತ್ತಿದ್ದ ಪೊದೆ, ಬ್ಲೂಬೆರಿಯ ದಾಯಾದಿಯಂತೆ. ಮೊಣಕಾಲೆತ್ತರ, ದಪ್ಪ ಎಲೆ, ಚಳಿ ಮುಗಿಯುವಾಗ ತಲೆ ತಗ್ಗಿಸಿದ ಪುಟ್ಟ ಬಿಳಿ ಗಂಟೆಗಳಂಥ ಹೂವು. ಸುಣ್ಣದ ಅಂಶ ತಾಗದ ಹುಳಿಮಣ್ಣು ಬಿಟ್ಟರೆ ಬೇರೆಲ್ಲೂ ಬದುಕದು. ಕಲ್ಲುಗಣಿಯವರು ಬೆಟ್ಟವನ್ನೇ ಅಗೆದು ಮುಗಿಸುವ ಮೊದಲು ಅಪ್ಪ ಒಂದನ್ನು ಮಣ್ಣುಸಮೇತ ಎತ್ತಿ ತಂದಿದ್ದ. ಎಷ್ಟು ಕಡ್ಡಿ ನೆಟ್ಟರೂ ಇನ್ನೊಂದು ಚಿಗುರಲಿಲ್ಲ. ಬೆಟ್ಟವೂ ಹೋಯಿತು, ಅಪ್ಪನೂ ಹೋದ. ಕುಂಡ ಉಳಿಯಿತು.

ಈಗ ನರ್ಸರಿಯ ಜಾಗವನ್ನು ಮಾಲೀಕ ಬಿಡಿಸಿಕೊಂಡ. ಅವಳಿಗೆ ಸಿಕ್ಕಿದ್ದು ಮೂರನೇ ಮಹಡಿಯಲ್ಲಿ ಬಿಸಿಲೇ ಬೀಳದ ಕೋಣೆ. ಬೇರೆ ದಾರಿಯಿಲ್ಲದೆ ಕುಂಡವನ್ನು ತಂಗಿಯ ಹಿತ್ತಿಲಿಗೆ ತಾನೇ ಹೊತ್ತು ತಂದಳು.

“ಮಳೆ ನೀರು ಮಾತ್ರ ಹಾಕು ಕಣೇ. ನಲ್ಲಿ ನೀರಲ್ಲಿ ಸುಣ್ಣ ಇರುತ್ತೆ, ಅದು ಬೇಡ. ಗೊಬ್ಬರ ಬೇಡ, ಬೂದಿ ಬೇಡ. ಮಣ್ಣಂತೂ ಬದಲಿಸ್ಲೇಬೇಡ.”

“ಅಂದ್ರೆ ಉಪವಾಸ ಕೆಡವು ಅಂತೀಯ.”

“ಅದು ಹುಟ್ಟಿದ್ದೇ ಬಡಮಣ್ಣಲ್ಲಿ. ಅಪ್ಪನಾಣೆ, ನಿಜ.”

ತಂಗಿ ನಕ್ಕಳು. “ಆಯ್ತು ಬಿಡಕ್ಕಾ. ನಿನ್ನ ಮಾತು ನಂಗೆ ಗೊತ್ತಿಲ್ವಾ?”

ಒಪ್ಪಿದಳು ಅಂದುಕೊಂಡು ಅಕ್ಕ ನಿರಾಳವಾಗಿ ಮನೆಗೆ ಹೊರಟಳು.

ಹೂವಿನ ಕಾಲಕ್ಕೆ ಅಕ್ಕ ನೋಡಲು ಬಂದಳು. ಹೊಸ ದೊಡ್ಡ ಕುಂಡ, ಹೊಸ ಮಣ್ಣು, ಮೇಲೆ ಬೂದಿಯ ಪದರ. ಎಲೆಗಳು ಹಳದಿಯಾಗಿ ಉದುರಿ ಬರೀ ಕಡ್ಡಿ ನಿಂತಿತ್ತು. ಮೊಗ್ಗುಗಳು ಅಲ್ಲಲ್ಲೇ ಒಣಗಿದ್ದವು.

“ಏನೇ ಮಾಡ್ದೆ ಇದಕ್ಕೆ?”

“ನೀನು ಹೇಳಿದ್ದನ್ನ ತಿರುಗಿಸಿ ಮಾಡ್ದೆ.” ತಂಗಿ ಉದುರಿದ ಎಲೆಗಳನ್ನು ಆಯತೊಡಗಿದಳು. “ನೀನು ಬೇಡ ಅಂದ್ರೆ ಬೇಕು ಅಂತ ತಾನೇ ಅರ್ಥ? ಗುಲಾಬಿ ಸತ್ತಾಗ್ಲೇ ಕಲಿತೆ. ಬೂದಿ ಹಾಕ್ದೆ, ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕ್ದೆ. ಬಾಡ್ತು. ಸಾಲ್ದೇನೋ ಅಂತ ಇನ್ನಷ್ಟು ಹಾಕ್ದೆ. ಅಪ್ಪನ ಗಿಡ ಅಂತ ಮಗು ಥರ ನೋಡ್ಕೊಂಡೆ ಕಣಕ್ಕಾ.”

ಬೈಯಬೇಕೆಂದು ಅಕ್ಕ ಬಾಯಿ ತೆರೆದಳು. ಯಾರನ್ನು ಬೈಯುವುದು? ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವಳು ತಾನು, ಉಂಡದ್ದು ಪಾಪದ ಗಿಡ. ಕುಂಡದಲ್ಲಿ ಬೆರಳಿಟ್ಟು ಕೆದಕಿದಳು. ಕೂದಲಿನಷ್ಟು ಸಣ್ಣ ಬೇರುಗಳು ಕಪ್ಪಗಾಗಿ ಕೈಯಲ್ಲೇ ಪುಡಿಯಾದವು. ಅವಳಿಗೆ ಅಳು ಬಂತು.

“ಉಳಿಸೋಕೆ ಏನಾದ್ರೂ ದಾರಿ ಇದ್ರೆ ಹೇಳಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ.”

“ಇಲ್ಲ ಕಣೇ. ಸತ್ತು ಹೋಗಿದೆ.”

ತಂಗಿ ಕುಂಡವನ್ನು ಅಕ್ಕನಿಂದ ದೂರ, ತನ್ನ ಕಡೆಗೆ ಎಳೆದುಕೊಂಡಳು.

“ಈಗ್ಲೂ ಮುಚ್ಚಿಡ್ತಿದ್ದೀಯಲ್ಲಕ್ಕಾ,” ಅಂದಳು.