ಬದಲಿಗೆ ಯಾರೂ ಇಲ್ಲ

ಮತ್ತೆ ಎದ್ದಳು ಆ ಕಿತ್ತಳೆ ಅಂಗಿಯವಳು, ಅವರ ಬದಲಿ ಆಟಗಾರ್ತಿಯರ ಬೆಂಚಿನಿಂದ ಎದ್ದು ಗೆರೆಯ ಆಚೆ ಹಗುರವಾಗಿ ಓಡುತ್ತಿದ್ದಾಳೆ, ಮಂಡಿಯನ್ನು ಎದೆಯ ತನಕ ಎತ್ತುತ್ತ, ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು, ಮದುವೆ ದಿಬ್ಬಣದ ಹಾಗೆ ನೆರೆದಿದ್ದಾರೆ ಇವರು, ಬಾಳೆಹಣ್ಣಿನ ಬುಟ್ಟಿ ಬೇರೆ, ಐಸ್ ಡಬ್ಬ ಬೇರೆ, ಕಾಲು ಉಜ್ಜುವುದಕ್ಕೇ ಅಂತ ಒಬ್ಬ ಮೇಡಂ ಬೇರೆ — ನನ್ನ ಬೆಂಚಿನ ಮೇಲೆ ಏನಿದೆ, ನೀರಿನ ಕ್ಯಾನು, ಒಂದಷ್ಟು ಚಪ್ಪಲಿ, ಸರಣ್ಯಾಳ ಅಮ್ಮ ಕೊಟ್ಟು ಕಳಿಸಿದ ಟೊಮೇಟೊ ಅನ್ನದ ಡಬ್ಬಿ, ಕೂರುವುದಕ್ಕೆ ಒಬ್ಬ ಹುಡುಗಿಯೂ ಇಲ್ಲ, ಇದ್ದವರು ಹನ್ನೊಂದು, ಹನ್ನೊಂದೂ ಒಳಗೆ. ಒಂದು ಗೋಲು ಮುಂದಿದ್ದೇವೆ. ಜಿಲ್ಲಾ ಫೈನಲ್ಲು, ಕೊಯಮತ್ತೂರಿನ ಈ ದೊಡ್ಡ ಸ್ಕೂಲಿನ ಸ್ವಂತ ಹುಲ್ಲಿನ ಮೇಲೆ, ಹುಲ್ಲೂ ಅಲ್ಲ ಇದು, ಪ್ಲಾಸ್ಟಿಕ್ಕು, ಬಿಸಿಲಿಗೆ ದೋಸೆ ಕಾವಲಿಯ ಹಾಗೆ ಕಾಯುತ್ತದೆ, ಈ ಹುಲ್ಲಿನ ಮೇಲೆ ಕರುಮತ್ತಂಪಟ್ಟಿಯ ನಮ್ಮ ಸ್ಕೂಲು ಒಂದು ಗೋಲು ಮುಂದಿದೆ, ಇನ್ನು ಹತ್ತು ನಿಮಿಷ ತಡೆದರೆ ಸಾಕು, ಮುಗಿಯೇ ಮಾರಾಯ್ತಿ, ಬೇಗ ಮುಗಿ — ಅಗೋ, ಮತ್ತೆ. ಸರಣ್ಯಾಳ ಎಡಮಂಡಿ ಒಳಕ್ಕೆ ಬಾಗಿತು, ಒಂದು ಕ್ಷಣ, ಕಾಲು ಅವಳದಲ್ಲವೇನೋ ಎಂಬ ಹಾಗೆ. ನೇರವಾದಳು, ಓಡಿದಳು, ಚೆಂಡನ್ನು ಹೊರಗೆ ಒದ್ದಳು. ಬೇರೆ ಯಾರೂ ನೋಡಿಲ್ಲ ಇದನ್ನು. ನಾನು ನೋಡಿದೆ.

ಮಧ್ಯಂತರದಲ್ಲಿಯೇ ಹೇಳಿದ್ದಳು, ಬೇಲಿಯ ಹತ್ತಿರ ಕರೆದುಕೊಂಡು ಹೋಗಿ, ಮಿಸ್ ಇಲ್ಲಿ ಬಿಗಿಯಾಗಿ ಕಟ್ಟಿ, ಯಾರ್ಗೂ ಹೇಳ್‌ಬೇಡಿ, ಒಂಚೂರು ವಲಿ ಅಷ್ಟೇ, ನೋವು ಅನ್ನೋವಷ್ಟು ಇಲ್ಲ. ಮಂಡಿ ಮುಟ್ಟಿದರೆ ಬೆಚ್ಚಗೆ, ಊದಿಕೊಂಡಿದೆ. ಆಡಬೇಡ ನನ್ನ ಕಣ್ಣೇ ಅಂದೆ. ನಾ ಇಲ್ಲಾಂದ್ರೆ ಹಿಂದೆ ಯಾರ್ ನಿಂತ್ಕತಾರೆ ಮಿಸ್, ಕೃತ್ತಿಕಾನಾ, ಅವಳು ಚೆಂಡು ಬಂದ್ರೆ ಕಣ್ಣು ಮುಚ್ಚಿಕತಾಳೆ — ಅಂದು ನಕ್ಕಳು, ನಗುವಾಗ ಹಲ್ಲು ಕಚ್ಚಿದ್ದು ಕಾಣಿಸಿತು ನನಗೆ, ಆಮೇಲೆ ಮೆಲ್ಲಗೆ, ಗೆದ್ರೆ ಸ್ಟೇಟ್‌ಗೆ ಹೋಗ್ತೀವಲ್ಲಾ ಮಿಸ್, ಸರ್ಟಿಫಿಕೇಟ್ ಇದ್ರೆ ಕಾಲೇಜಲ್ಲಿ ಸೀಟು ಕೊಡ್ತಾರಂತೆ, ಇಲ್ಲಾಂದ್ರೆ ನಂಗೆ ತರಿನೇ, ಮಗ್ಗದ ಕೆಲ್ಸಾನೇ, ಅಮ್ಮ ಆಗ್ಲೇ ಶೆಡ್ ಓನರ್ ಹತ್ರ ಹೇಳಿಟ್ಟವ್ಳೆ. ನಾನು ಕಟ್ಟಿದೆ. ಬಿಗಿಯಾಗಿಯೇ ಕಟ್ಟಿದೆ. ಕಟ್ಟುವಾಗ ಅವಳ ಅಮ್ಮ ಮಾರಿಯಮ್ಮ ಬೆಳಿಗ್ಗೆ ವ್ಯಾನಿನ ಕಿಟಕಿಯೊಳಗೆ ತಲೆ ಹಾಕಿ ಹೇಳಿದ್ದು ಕಿವಿಯಲ್ಲಿ, ನೀವಿದೀರಂತ ಕಳಿಸ್ತಿದೀನಿ ಈಶ್ವರಿ ಟೀಚರಮ್ಮ, ಹೆಣ್ಣು ಹುಡುಗಿ ಕಾಲು, ಜಾಗ್ರದೆಯಾ ನೋಡ್ಕಳಿ. ನೋಡಿಕೊಳ್ಳುತ್ತಿದ್ದೇನೆ ಮಾರಿಯಮ್ಮ, ನೋಡುತ್ತಲೇ ಇದ್ದೇನೆ, ನೋಡುವುದೊಂದೇ ಮಾಡುತ್ತಿದ್ದೇನೆ, ನನಗೆ ನನ್ನ ಮೇಲೇ ಸಿಟ್ಟು ಬರುತ್ತಿದೆ.

ಅವರ ಕೋಚು ಕೂಗುತ್ತಿದ್ದಾರೆ, ಅನಂತರಾಮ ಸರ್, ಮೈಸೂರಿನ ಕಡೆಯವರಂತೆ, ಬೆಳಿಗ್ಗೆ ನಾನು ನಮ್ಮ ಹುಡುಗಿಯರ ಹತ್ತಿರ ಮಾತಾಡುವುದನ್ನು ಕೇಳಿ ಬಂದರು, ಓ ನೀವು ಕನ್ನಡದವರಾ ಮೇಡಂ, ನಾನು ತಮಿಳು ಅಂದ್ಕೊಂಡಿದ್ದೆ. ನಮ್ದು ಮನೆ ಕನ್ನಡ ಸರ್, ಓದಕ್ಕೆ ಬರಲ್ಲ ಅಂದೆ. ಒಳ್ಳೆಯ ಮನುಷ್ಯ, ಸುಳ್ಳು ಯಾಕೆ ಹೇಳಲಿ, ಆ ನಿಮ್ಮ ಡಿಫೆಂಡರ್ ಹುಡುಗೀನ ನಮಗೆ ಕೊಡಿ ಮೇಡಂ, ಹಾಸ್ಟೆಲ್ ಇದೆ, ಫಿಸಿಯೋ ಇದ್ದಾರೆ, ಇಲ್ಲಿ ಮಕ್ಕಳಿಗೆ ಏನಾದರೂ ಆದರೆ ತಕ್ಷಣ ಆಟದಿಂದ ತೆಗೆದುಬಿಡ್ತೀವಿ ಅಂದರು. ತಕ್ಷಣ ತೆಗೆದುಬಿಡುತ್ತಾರೆ, ನನಗೆ ಗೊತ್ತಿಲ್ಲವೇ ಅದು, ನಾನೂ ಇಂಥದೇ ದೊಡ್ಡ ಸ್ಕೂಲಿನ ತಂಡದಲ್ಲಿದ್ದವಳು, ಒಂದು ಸಂಜೆ ಮಂಡಿಯಲ್ಲಿ ಟಕ್ ಅಂದದ್ದೇ ತಡ ಇಬ್ಬರು ಬಂದು ಎತ್ತಿಕೊಂಡು ಹೋದರು, ನಾನು ಬೆಂಚು ಮುಟ್ಟುವ ಮೊದಲೇ ನನ್ನ ಜಾಗದಲ್ಲಿ ಇನ್ನೊಬ್ಬಳು ಓಡುತ್ತಿದ್ದಳು, ನನಗಿಂತ ಚೆನ್ನಾಗಿಯೇ ಆಡಿದಳು ಪಾಪಿ, ಐಸು ಇಟ್ಟುಕೊಂಡು ಅತ್ತೆನಲ್ಲ ಅವತ್ತು, ನೋವಿಗಲ್ಲ, ನಾನಿಲ್ಲದಿದ್ದರೂ ಆಟ ನಡೆಯಿತು ಅಂತ. ಆದರೆ ಮಂಡಿ ಉಳಿಯಿತು. ಇವತ್ತಿಗೂ ಇದೇ ಮಂಡಿಯ ಮೇಲೆ ನಿಂತಿದ್ದೇನೆ. ಸರಣ್ಯಾ ಇಲ್ಲದಿದ್ದರೆ ನಮ್ಮ ಆಟ ನಡೆಯುವುದಿಲ್ಲ, ಅವಳಿಗೆ ಅದು ಗೊತ್ತು, ಅದಕ್ಕೇ ಬೀಳುತ್ತಿಲ್ಲ ಹುಡುಗಿ, ನಮ್ಮ ಸಣ್ಣ ಸ್ಕೂಲಿಗೆ ಬೇಕಾದವಳಾಗಿ ಹಾಳಾಗುತ್ತಿದ್ದಾಳೆ — ಈಶ್ವರೀ, ಅದನ್ನು ಗಟ್ಟಿಯಾಗಿ ಹೇಳು ನಿನಗೆ ನೀನೇ, ಹೇಳಿ ಏನಾದರೂ ಮಾಡು.

ಕೂಗಬಹುದು, ಆದರೆ ನಮ್ಮ ಹುಡುಗಿಯರಿಗೆ ಕೂಗಿದರೆ ತಿಳಿಯುವುದಿಲ್ಲ, ಅಭ್ಯಾಸವೇ ಇಲ್ಲ, ನಮ್ಮ ಮೈದಾನದ ಮೂರು ಕಡೆಯೂ ಮಗ್ಗದ ಶೆಡ್ಡು, ಟಡ ಟಡ ಟಡ ಬೆಳಗಿನಿಂದ ಬೈಗಿನವರೆಗೆ, ಸೀಟಿ ಊದಿದರೆ ಊದಿದವರಿಗೇ ಕೇಳುವುದಿಲ್ಲ, ಮೊದಲ ವಾರ ಗಂಟಲು ಕಿತ್ತುಹೋಗಿ ಆಮೇಲೆ ಹೊಳೆಯಿತು, ಇವರೆಲ್ಲ ಮಗ್ಗದ ಮನೆಯ ಮಕ್ಕಳಲ್ಲವೇ, ಶೆಡ್ಡಿನೊಳಗೆ ಯಾರು ಬಾಯಲ್ಲಿ ಮಾತಾಡುತ್ತಾರೆ, ಎಲ್ಲ ಕೈಯಲ್ಲೇ — ಬೆರಳು ತಿರುಗಿಸಿದರೆ ಜಾಗ ಬದಲಿಸು, ಮೊಣಕೈ ತಟ್ಟಿದರೆ ಹಿಂದೆ ಬಾ, ಮುಷ್ಟಿ ಎತ್ತಿ ಅಂಗೈ ಬಿಚ್ಚಿದರೆ ನಿಲ್ಲಿಸು. ಆ ಬಿಚ್ಚಿದ ಅಂಗೈ ನನ್ನ ಅಮ್ಮನದು. ಐದು ವರ್ಷದವಳು ನಾನು, ಶೆಡ್ಡಿನ ಬಾಗಿಲಲ್ಲಿ, ಆ ತುದಿಯಲ್ಲಿ ಅಮ್ಮ, ಮೇಲೆತ್ತಿದ ಅಂಗೈಯ ತುಂಬ ಹತ್ತಿಯ ಧೂಳು, ಒಂದು ನೂಲು ಹರಿದಿದೆ, ಮಗ್ಗ ನಿಂತಿತು, ಮೇಸ್ತ್ರಿ ಬಂದು ಬೈಯುತ್ತಿದ್ದಾನೆ, ಒಂದು ನೂಲ್‌ಗೆಲ್ಲಾ ತರಿ ನಿಲ್ಲಿಸ್ತಾರಾ, ಓಡ್ಲಿ ವಿಡು. ಅಮ್ಮ ಕೈ ಇಳಿಸಲಿಲ್ಲ. ಆಮೇಲೆ ಮನೆಯಲ್ಲಿ ಹೇಳಿದಳು, ಓಡ್ಲಿ ಅಂತ ವಿಟ್ಟರೆ ಆ ಬಿರುಕು ಬಟ್ಟೆ ಕಡೆವರೆಗೂ ಓಡತ್ತೆ ಪಾಪಾ, ಆಮೇಲೆ ಹೊಲಿಯಕ್ಕಾಗಲ್ಲ.

ಬಂದಳು ಕಿತ್ತಳೆಯವಳು, ಆ ಮೇಲಂಗಿ ಕಳಚಿ ಒಳಗೆ ಬಂದಳು, ಬೆವರಿಲ್ಲ, ಹೊಸ ಕಾಲು, ಚೆಂಡು ನೇರ ಅವಳಿಗೆ, ಓಡುತ್ತಿದ್ದಾಳೆ ಸರಣ್ಯಾಳ ಎಡಕ್ಕೆ, ಬೇಕೆಂದೇ ಎಡಕ್ಕೆ, ಅವರಿಗೂ ಕಂಡಿದೆಯೇನೋ ಆ ಮಂಡಿ, ಸರಣ್ಯಾ ತಿರುಗಿದಳು, ಬಾಗಿತು, ಈ ಸಲ ಕೈಯೂರಿ ಎದ್ದಳು, ಮುಖ ಸುಣ್ಣ, ಅಟ್ಟಿಸಿಕೊಂಡು ಹೋಗುತ್ತಿದ್ದಾಳೆ ಕುಂಟುತ್ತ, ಈಗ ಅಡ್ಡ ಜಾರಿ ಚೆಂಡು ಕಸಿಯುತ್ತಾಳೆ, ಅವಳು ಹಾಗೇ ಮಾಡುವುದು ಯಾವಾಗಲೂ, ಆ ಕಾಲಿನ ಮೇಲೇ ಇಡೀ ಭಾರ ಹಾಕಿ, ಬೇಡ, ಬೇಡ ಕಣೇ, ಸೀಟು ಹಾಳಾಗಲಿ, ಕಪ್ಪು ಹಾಳಾಗಲಿ — ನನ್ನ ಕೈ ಮೇಲೆ ಹೋಗಿದೆ. ಮುಷ್ಟಿ ಬಿಚ್ಚಿದೆ. ಸರಣ್ಯಾ ನೋಡಿದಳು. ನಿಂತಳು, ಮಗ್ಗ ನಿಂತ ಹಾಗೆ, ನಿಂತಲ್ಲೇ, ಎಡಗಾಲನ್ನು ನೆಲದಿಂದ ಮೆಲ್ಲಗೆ ಎತ್ತಿಕೊಂಡಳು. ಅವಳ ಪಕ್ಕ ಕೃತ್ತಿಕಾ ನಿಂತಳು. ಆಚೆ ಗೋಕಿಲಾ ನಿಂತಳು. ಅಯ್ಯೋ, ಅಯ್ಯೋ ಇಲ್ಲ, ನಿಮಗಲ್ಲ, ಅವಳೊಬ್ಬಳಿಗೆ — ಗೋಲಿನ ಬಾಯಲ್ಲಿ ಕೀಪರ್ ಕೂಡ ಕೈ ಇಳಿಬಿಟ್ಟು ನಿಂತಿದ್ದಾಳೆ, ಕೈ ಬಿಚ್ಚಿದರೆ ಎಲ್ಲರೂ ನಿಲ್ಲಬೇಕು, ಇದ್ದಲ್ಲೇ, ಚೆಂಡಿನ ಕಡೆ ನೋಡಬಾರದು, ನನ್ನ ಕಡೆ ನೋಡಬೇಕು, ನಾನೇ ಕಲಿಸಿದ್ದು, ದಿನಾ ಸಂಜೆ ಕಲಿಸಿದ್ದು, ಎಷ್ಟು ಚೆನ್ನಾಗಿ ಕಲಿತಿದ್ದಾರೆ. ಕಿತ್ತಳೆಯವಳೇ ಗಾಬರಿಯಾಗಿ ಹಿಂದೆ ಮುಂದೆ ನೋಡಿದಳು, ರೆಫ್ರಿ ಸೀಟಿ ಊದಿಲ್ಲ, ಆಮೇಲೆ ಗೋಲಿನ ಕಡೆ ಮೆಲ್ಲಗೆ ಒದ್ದಳು. ಕೈ ಇಳಿಸಿದರೆ ಓಡುತ್ತಾರೆ, ಇನ್ನೂ ಹೊತ್ತಿದೆ, ಇಳಿಸಿದ ತಕ್ಷಣ ಹನ್ನೊಂದೂ ಓಡುತ್ತವೆ, ಎಲ್ಲರಿಗಿಂತ ಮೊದಲು ಸರಣ್ಯಾ ಓಡುತ್ತಾಳೆ, ಆ ಕಾಲಲ್ಲಿ, ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಇಳಿಸಿ ಮಿಸ್ ಅನ್ನುತ್ತಿದೆ ಆ ಕಣ್ಣು, ಇಳಿಸಿ, ಕಣ್ಣಲ್ಲಿ ನೀರು, ಇಳಿಸಿ ಮಿಸ್ — ಚೆಂಡು ಉರುಳುತ್ತಿದೆ, ನಿಂತ ಹುಡುಗಿಯರ ನಡುವೆ, ಅವಸರವಿಲ್ಲದೆ, ನನ್ನ ಕೈ ಮೇಲಿದೆ, ಅಂಗೈ ಬಿಚ್ಚಿದೆ, ಇಳಿಸುವುದಿಲ್ಲ, ಚೆಂಡು ಉರುಳುತ್ತಿದೆ, ಅಂಗೈ ಬಿಚ್ಚಿಯೇ ಇದೆ