ಹಸಿರು ವಿಭೂತಿ

ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಅನ್ನುವುದು ರುದ್ರಸ್ವಾಮಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಪ್ರಿಂಟರಿನ ಬಾಯಿಂದ ಅಣ್ಣನ ಮುಖ ಕೊಸರಾಡುತ್ತ ಹೊರಗೆ ಬರುತ್ತಿದ್ದರೆ, ಮೊದಲು ಕ್ರಾಪು, ಆಮೇಲೆ ಹಣೆ, ಹಣೆಯ ಮೇಲಿನ ಮೂರು ಪಟ್ಟೆ ವಿಭೂತಿ, ಅವನ ಬಾಯಿಗೆ ಬರುತ್ತಿದ್ದದ್ದು ಶಿವನಾಮವಲ್ಲ.

ನಜರ್‌ಬಾದಿನ ಅವರ ಫೋಟೋ ಸ್ಟುಡಿಯೋದಲ್ಲಿ ಅಣ್ಣ ಸಿದ್ದಲಿಂಗಸ್ವಾಮಿ ಮುಂದೆ ಕೂತು ಗಿರಾಕಿಗಳಿಗೆ ನಗುತ್ತಿದ್ದ. ತಮ್ಮ ರುದ್ರಸ್ವಾಮಿ ಹಿಂದಿನ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದ. ಆಯಸ್ಸೆಲ್ಲ ಹೀಗೇ ನಡೆದಿತ್ತು. ಎರಡು ವರ್ಷದ ಹಿಂದೆ, ರುದ್ರಸ್ವಾಮಿ ನಂಜನಗೂಡಿಗೆ ಮದುವೆಗೆಂದು ಹೋಗಿ ಬರುವಷ್ಟರಲ್ಲಿ, ಅಣ್ಣ ಫೋಟೋ ದೊಡ್ಡದು ಮಾಡುವ ಎನ್‌ಲಾರ್ಜರು, ತೊಳೆಯುವ ಟ್ರೇಗಳು, ಕೆಂಪು ಬಲ್ಬು ಎಲ್ಲವನ್ನೂ ಗುಜರಿಯವನಿಗೆ ಹಾಕಿ, ಕತ್ತಲೆ ಕೋಣೆಗೆ ಟ್ಯೂಬ್‌ಲೈಟ್ ಹಾಕಿಸಿ, ಅದರ ಕೆಳಗೆ ಈ ಇಂಕ್‌ಜೆಟ್ ಪ್ರಿಂಟರನ್ನು ಕೂರಿಸಿದ್ದ. ಇನ್ಮೇಲೆ ಕೈ ಒದ್ದೆ ಮಾಡ್ಕೋಬೇಡ ಕಣೋ ಅಂದಿದ್ದ, ಏನೋ ದೊಡ್ಡ ಉಪಕಾರ ಮಾಡಿದವನ ಹಾಗೆ. ಅವತ್ತು ಬೈಯಲಾಗಲಿಲ್ಲ, ಹಿರಿಯಣ್ಣ. ಇವತ್ತು ಬೈಯಲಾಗುವುದಿಲ್ಲ, ದಿವಂಗತ. ಬೈಯುವುದಕ್ಕೆ ಸರಿಯಾದ ಒಂದು ಕಾಲವೇ ಬರದೆ ಹೋಯಿತು.

ನಾಳೆ ಅಣ್ಣನ ಶಿವಗಣಾರಾಧನೆ. ಮಠದಿಂದ ಸ್ವಾಮಿಗಳು ಬರುತ್ತಾರೆ, ನೆಂಟರೆಲ್ಲ ಬರುತ್ತಾರೆ, ನಡುಮನೆಯಲ್ಲಿ ಫೋಟೋ ಇಡಬೇಕು. ಊರಿನವರ ಫೋಟೋ ಎಲ್ಲ ತೆಗೆದ ಸಿದ್ದಲಿಂಗಸ್ವಾಮಿಯದೇ ನೆಟ್ಟಗಿನದೊಂದು ಫೋಟೋ ಇರಲಿಲ್ಲ. ಇದ್ದದ್ದು ಒಂದು ಹಳೆಯ ಕಪ್ಪು ಬಿಳುಪು ನೆಗೆಟಿವ್, ಪೂಜೆ ಮುಗಿಸಿ ಬಂದವನನ್ನು ಬಾಗಿಲಲ್ಲಿ ನಿಲ್ಲಿಸಿ ರುದ್ರಸ್ವಾಮಿಯೇ ತೆಗೆದದ್ದು. ನಾನು ಹೋದ್ಮೇಲೆ ಇದನ್ನೇ ಇಡ್ರೋ ಎಂದು ಅಣ್ಣ ತಮಾಷೆಗೆ ಅನ್ನುತ್ತಿದ್ದ. ಈಗ ಅದು ತಮಾಷೆಯಲ್ಲ, ಅತ್ತಿಗೆ ಪಾರ್ವತಮ್ಮನ ಆಜ್ಞೆ.

ಇವತ್ತು ಬೆಳಗ್ಗೆ ಅದನ್ನು ಸ್ಕ್ಯಾನ್ ಮಾಡಿ ತೆಗೆದ ಪ್ರಿಂಟು ಟ್ಯೂಬ್‌ಲೈಟಿನ ಕೆಳಗೆ ಚೆನ್ನಾಗಿಯೇ ಇತ್ತು. ಕಟ್ಟು ಹಾಕಿಸಿ, ಹಿಂದಿನ ಬೀದಿಯಲ್ಲಿದ್ದ ಅತ್ತಿಗೆಯ ಮನೆಗೆ ಒಯ್ದು, ನಡುಮನೆಯ ಕಿಟಕಿ ಬಿಸಿಲಿಗೆ ಹಿಡಿದರೆ ಅಣ್ಣ ಪಾಚಿ ಕಟ್ಟಿದ ಕಲ್ಯಾಣಿಯಿಂದ ಎದ್ದು ಬಂದವನ ಹಾಗಿದ್ದ. ಮುಖ ಹೋಗಲಿ, ವಿಭೂತಿಯೂ ಹಸಿರು.

ಪಾರ್ವತಮ್ಮ ತುಂಬ ಹೊತ್ತು ನೋಡಿದರು. "ಇದೇನಪ್ಪ, ನಿಮ್ಮಣ್ಣ ಹಣೆಗೆ ವಿಭೂತಿ ಇಟ್ಕೊಂಡವ್ರೋ, ಪುದೀನ ಚಟ್ನಿ ಬಳ್ಕೊಂಡವ್ರೋ?"

ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದ ಅಣ್ಣನ ಷಡ್ಡಕ ಸದಾಶಿವಯ್ಯ, ಅದಕ್ಕೇನು, ಗಾಜಿನ ಮೇಲೇ ನಿಜವಾದ ವಿಭೂತಿ ಹಚ್ಚಿಬುಟ್ರೆ ಆಯ್ತಲ್ಲ ಎಂದು ದಾರಿ ತೋರಿಸಿದ. ಪಾರ್ವತಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ. ವಿಭೂತಿ ಬೆಳ್ಳಗೆ ಬಂದರೆ ಫೋಟೋ ಇಡುವುದು, ಇಲ್ಲವಾದರೆ ಬರೀ ಗೋಡೆಗೇ ಹಾರ ಹಾಕುವುದು ಎಂದು ತೀರ್ಮಾನ ಹೇಳಿ ಒಳಗೆ ಹೋದರು.

ರುದ್ರಸ್ವಾಮಿ ಪ್ರಿಂಟರು ಮಾರಿದ ಗೋವಿಂದರಾಜುವಿಗೆ ಫೋನು ಮಾಡಿದ. ಗೋವಿಂದರಾಜು ಬಲು ಸಮಾಧಾನದ ಮನುಷ್ಯ. ಮಿಷನ್ನು ಬೂದು ಬಣ್ಣವನ್ನು ನೀಲಿ, ಗುಲಾಬಿ, ಹಳದಿ ಶಾಯಿ ಬೆರೆಸಿಯೇ ಮಾಡೋದು ಸಾರ್, ಹಸಿರು ಕಂಡರೆ ಗುಲಾಬಿ ಒಂಚೂರು ಜಾಸ್ತಿ ಮಾಡಿ ಅಂದ. ರುದ್ರಸ್ವಾಮಿ ಜಾಸ್ತಿ ಮಾಡಿದ. ಅತ್ತಿಗೆಯ ಮನೆಗೆ ಒಯ್ದು ಕಿಟಕಿಯ ಬಿಸಿಲಿಗೆ ಹಿಡಿದರೆ ಎಲ್ಲ ಸರಿ. ಹಾರ ಹಾಕುವ ಗೋಡೆಯ ಹತ್ತಿರ, ಮೇಲೆ ಉರಿಯುವ ಬಲ್ಬಿನ ಕೆಳಗೆ ಹಿಡಿದರೆ ಅಣ್ಣ ನಾಚಿಕೊಂಡ ಮದುಮಗಳಾದ. ಸ್ಟುಡಿಯೋಗೆ ಬಂದು ಮತ್ತೆ ಫೋನು ಮಾಡಿದ್ದಕ್ಕೆ ಗೋವಿಂದರಾಜು, ಅದು ನಿಮ್ಮ ಕಣ್ಣಿಗೆ ಹಂಗೆ ಕಾಣುತ್ತೆ ಅಷ್ಟೆ ಅಂದ. ರುದ್ರಸ್ವಾಮಿ ಫೋನನ್ನು ಕುಕ್ಕಿದ ರಭಸಕ್ಕೆ ಸ್ಟುಡಿಯೋದ ಗೋಡೆಯ ಮೇಲಿನ ವಧೂವರರು ಅದುರಿದರು.

ಹಳೆಯ ಕಾಲದಲ್ಲಿ ಅವನು ಒಂದು ಪ್ರಿಂಟನ್ನೂ ಕೋಣೆಯೊಳಗೇ ಒಪ್ಪಿದವನಲ್ಲ. ತೊಟ್ಟಿಕ್ಕುವ ಕಾಗದವನ್ನು ಹಿತ್ತಲಿಗೆ ಒಯ್ದು, ಬಿಸಿಲಲ್ಲಿ ಒಮ್ಮೆ, ನೆರಳಲ್ಲಿ ಒಮ್ಮೆ ನೋಡಿಯೇ ಗಿರಾಕಿಗೆ ಕೊಡುತ್ತಿದ್ದ. ಹಿತ್ತಲಲ್ಲಿ ಏನು ಸಂಡಿಗೆ ಒಣಗ್ಸ್ತಿದೀಯೇನೋ ಎಂದು ಮುಂದಿನಿಂದ ಅಣ್ಣ ಕೂಗುತ್ತಿದ್ದ. ಆ ಟ್ಯೂಬ್‌ಲೈಟ್ ಬಂದ ಮೇಲೆ ಹಿತ್ತಲಿನ ಬಾಗಿಲಿಗೆ ಅಡ್ಡವಾಗಿ ಬೀರು ಬಂದಿತ್ತು. ಕಾಗದ ಒದ್ದೆಯಿರುವುದಿಲ್ಲ, ಹಿತ್ತಲು ಯಾಕೆ ಅನ್ನುವುದು ಅಣ್ಣನ ವಾದ. ಅದೂ ನೆನಪಾಗಿ ರುದ್ರಸ್ವಾಮಿಗೆ ಮೈ ಉರಿಯಿತು. ಬೀರುವನ್ನು ಒಬ್ಬನೇ ನೂಕಿದ. ಅದರ ತಲೆಯ ಮೇಲಿದ್ದ ಖಾಲಿ ಡಬ್ಬಗಳೆಲ್ಲ ಉರುಳಿದವು. ಉರುಳಲಿ.

ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಜಗಳಕ್ಕೆ ಹೋದವನ ಹಾಗೆ, ಬಣ್ಣದ ಶಾಯಿ ಒಂದೂ ಬೇಡ, ಕಪ್ಪು ಮಾತ್ರ ಸಾಕು ಅನ್ನುವಲ್ಲಿ ಗುರುತು ಹಾಕಿದ. ಹಾಗೆ ಮಾಡಿದರೆ ಚುಕ್ಕೆ ಚುಕ್ಕೆ ಕಾಣುತ್ತೆ, ಕೆಲಸ ನುಣುಪಾಗಿರೋದಿಲ್ಲ ಎಂದು ಗೋವಿಂದರಾಜು ಮೊದಲ ದಿನವೇ ಹೆದರಿಸಿದ್ದ. ಕಾಣಲಿ. ಹೊಳಪಿಲ್ಲದ ಕಾಗದ ಹಾಕಿದ. ಬಂದದ್ದನ್ನು ಹಿತ್ತಲಿಗೆ ಒಯ್ದ. ಬಿಸಿಲಲ್ಲಿ ಬೂದಿ, ನೆರಳಲ್ಲಿ ಬೂದಿ. ಒಳಗೆ ಬಂದು ಟ್ಯೂಬಿನ ಕೆಳಗೆ ಹಿಡಿದ, ಅಲ್ಲೂ ಬೂದಿಯೇ. ಚುಕ್ಕೆಗಳು ಇದ್ದವು, ಸುಳ್ಳಲ್ಲ. ಹಣೆಯ ಮೇಲೆ ಅವು ಆಗ ತಾನೇ ಬೆರಳಿನಿಂದ ಎಳೆದಾಗ ಉದುರಿದ ವಿಭೂತಿಯ ಪುಡಿಯ ಹಾಗಿದ್ದವು.

ಗೆದ್ದ ಸಂತೋಷವಾಗಬೇಕಿತ್ತು. ಆಗಲಿಲ್ಲ. ಆ ಮಿಷನ್ನಿನಿಂದ ಕೊನೆಗೂ ಒಂದು ಒಳ್ಳೆಯ ಪ್ರಿಂಟು ಬಂತಲ್ಲ, ಅಣ್ಣ ಹೇಳಿದ್ದೇ ಸರಿಯಾಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಅವನು ಕಟ್ಟು ಹಾಕಿ ತಂದ ಫೋಟೋವನ್ನು ಪಾರ್ವತಮ್ಮ ಕಿಟಕಿಗೆ ಹಿಡಿದು ನೋಡಿದರು, ಬಲ್ಬಿನ ಕೆಳಗೆ ನೋಡಿದರು. ಸೆರಗಿನಿಂದ ಗಾಜು ಒರೆಸಿದರು. ರುದ್ರಸ್ವಾಮಿ ಬಾಗಿಲಲ್ಲೇ ನಿಂತಿದ್ದ, ಬೆರಳ ತುದಿಯೆಲ್ಲ ಕಪ್ಪು, ತುಟಿ ಅಲ್ಲಾಡುತ್ತಿತ್ತು.

"ಯಾರ್ನ ಬೈಕೊಳ್ತಿದೀಯಪ್ಪ?"

ಅವನು ಕಪ್ಪು ಬೆರಳುಗಳನ್ನು ಪಂಚೆಗೆ ಒರೆಸಿಕೊಂಡ.

"ನಿಮ್ಮಣ್ಣನ್ನೇ ತಾನೆ? ಜೋರಾಗಿ ಬಯ್ಯಿ. ಆಸ್ಪತ್ರೆಗೆ ಹೋಗಣ ಬನ್ರೀ ಅಂದ್ರೆ ಭಾನ್ವಾರ ಆಗ್ಲಿ ಕಣೇ ಅಂದ್ರು. ನಾನೂ ಅವತ್ತಿಂದ ಒಲೆ ಮುಂದೆ ಬೈಕೊಂಡೇ ಇದೀನಿ. ಒಬ್ಳೇ ಬೈದೂ ಬೈದೂ ಸಾಕಾಗೋಗಿದೆ."

ರುದ್ರಸ್ವಾಮಿ ಒಳಗೆ ಬಂದು ಫೋಟೋದ ಎದುರು ಚಕ್ಕಳಮಕ್ಕಳ ಹಾಕಿ ಕೂತ. "ಕೇಳ್ದೆ ಯಾಕೋ ಮಾರ್ದೆ?" ಜೀವಮಾನದಲ್ಲಿ ಅಣ್ಣನಿಗೆ ಅವನು ಏಕವಚನ ಹಚ್ಚಿದ್ದು ಅದೇ ಮೊದಲು. ಆಮೇಲೆ ಎನ್‌ಲಾರ್ಜರು, ಬೀರು, ಸಂಡಿಗೆ, ಎಲ್ಲವೂ ಸಾಲಾಗಿ ಬಂದವು. ಧ್ವನಿ ಒಡೆದರೂ ನಿಲ್ಲಿಸಲಿಲ್ಲ. ಸದಾಶಿವಯ್ಯ ಕಾಫಿ ಲೋಟದ ಸಮೇತ ಜಗಲಿಗೆ ಎದ್ದು ಹೋದ. ಸಿದ್ದಲಿಂಗಸ್ವಾಮಿ ಮಾತ್ರ, ತಕರಾರು ಹೇಳಲು ಬಂದ ಗಿರಾಕಿಯನ್ನು ನೋಡುವ ಹಾಗೆ, ನಗುತ್ತಲೇ ಕೇಳಿಸಿಕೊಂಡ.

ಪಾರ್ವತಮ್ಮ ಅಡುಗೆಮನೆಯಿಂದ ಇಣುಕಿದರು. ಆಯಿತಾ ಅಂದರು. ಇನ್ನೂ ಇದೆ ಅಂದ.

"ಇರ್ಲಿ, ನಾಳೀಕೆ ಇಟ್ಕೋ. ಈಗ ಹೋಗಿ ಇನ್ನೊಂದು ಅಂಥದೇ ತೆಕ್ಕೊಂಡು ಬಾ, ಮಠಕ್ಕೂ ಕೊಡ್ಬೇಕು."