ಬೀಟ್‌ರೂಟ್ ಮಾಡದ ದಿನ

ಕಟಿಂಗ್ ಅಂಗಡಿಯವನಿಗೆ ಕೆಂಪು ಕಾಣುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕಾಣುತ್ತಿರಲಿಲ್ಲ. ಅವನ ಕಣ್ಣಿಗೆ ಕೆಂಪೂ ಒದ್ದೆ ಮಣ್ಣಿನ ಬಣ್ಣ, ಕಂದೂ ಒದ್ದೆ ಮಣ್ಣಿನ ಬಣ್ಣ. ಕತ್ತಿ ತಾಗಿ ಯಾರ ಕೆನ್ನೆಯಲ್ಲಾದರೂ ರಕ್ತ ಬಂದರೆ ಬೆರಳಿಗೆ ಜಿಗುಟು ಹತ್ತುವವರೆಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ರಕ್ತ ಬರಲಿ ಬಿಡಲಿ, ಶೇವಿಂಗ್ ಮುಗಿದ ಮೇಲೆ ಎಲ್ಲರ ಮುಖಕ್ಕೂ ಪಟಿಕದ ಕಲ್ಲು ಉಜ್ಜುತ್ತಿದ್ದ. ಗಿರಾಕಿಗಳು ಅದನ್ನು ಅಚ್ಚುಕಟ್ಟುತನ ಎಂದುಕೊಂಡಿದ್ದರು.

ವಿಷಯ ಗೊತ್ತಿದ್ದವಳು ಹೆಂಡತಿ ಒಬ್ಬಳೇ. ಮದುವೆಯಾದ ಹೊಸತರಲ್ಲಿ ಅವನು ಚೀಲದ ತುಂಬ ಹಸಿರು ಟೊಮ್ಯಾಟೊ ತಂದಾಗ ಅವಳಿಗೆ ತಿಳಿಯಿತು. "ಕತ್ತಿ ಹಿಡಿಯೋನಿಗೆ ರಕ್ತ ಕಾಣಲ್ಲ ಅಂತ ಗೊತ್ತಾದ್ರೆ ಅಂಗಡಿಗೆ ಬೀಗ ಹಾಕೋದೇ," ಎಂದಿದ್ದ. ಅವಳು ಯಾರಿಗೂ ಹೇಳಲಿಲ್ಲ. ಟೊಮ್ಯಾಟೊ ತರುವ ಕೆಲಸ ತಾನೇ ವಹಿಸಿಕೊಂಡಳು. ಅಂಗಡಿಯ ಬಿಳಿ ಟವೆಲುಗಳನ್ನು ಒಗೆಯುತ್ತಿದ್ದವಳೂ ಅವಳೇ. ಯಾವ ದಿನ ಕತ್ತಿ ಜಾರಿತ್ತು ಎಂಬುದು ಅವನಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿರುತ್ತಿತ್ತು.

ಒಂದು ಚಳಿಗಾಲದಲ್ಲಿ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಬಂದು ಕನ್ನಡಿಯ ಪಕ್ಕ ಒಂದು ಪೋಸ್ಟರ್ ಅಂಟಿಸಿದಳು.

"ಗಂಡಸರು ಆಸ್ಪತ್ರೆ ಕಡೆ ತಲೆ ಹಾಕಲ್ಲ. ಇಲ್ಲಾದ್ರೆ ಅರ್ಧ ಗಂಟೆ ಕತ್ತು ಅಲ್ಲಾಡಿಸದೆ ಕೂತಿರ್ತಾರೆ," ಎಂದಳು.

ಪೋಸ್ಟರಿನಲ್ಲಿ ಕರುಳಿನ ಚಿತ್ರ, ಕೆಳಗೊಂದು ಹನಿ. 'ಮಲದಲ್ಲಿ ಕೆಂಪು ಕಂಡರೆ ತಡಮಾಡಬೇಡಿ' ಎಂದು ಬರೆದಿತ್ತು. ಹನಿ ಅವನಿಗೆ ಚಹಾದ ಹನಿಯ ಹಾಗೆ ಕಂಡಿತು. ನರ್ಸಮ್ಮ ಪೌಡರ್ ಡಬ್ಬಿಯ ಪಕ್ಕ ಸಣ್ಣ ಸೀಸೆಗಳ ಪೆಟ್ಟಿಗೆಯೊಂದನ್ನು ಇಟ್ಟಳು. "ಐವತ್ತು ದಾಟಿದವರಿಗೆಲ್ಲ ಒಂದೊಂದು ಕೊಡಿ ಅಣ್ಣ. ಕಡ್ಡೀಲಿ ಚೂರು ತೆಗೆದು ಇದರೊಳಗೆ ಹಾಕಿ ಕಳಿಸಿದ್ರೆ ಸಾಕು. ಕಣ್ಣಿಗೆ ಕಾಣದ ರಕ್ತ ಇದ್ರೂ ಗೊತ್ತಾಗುತ್ತೆ."

ಕುರ್ಚಿಯಲ್ಲಿ ಪೋಸ್ಟ್‌ಮನ್ ಕೂತಿದ್ದ, ಮುಖದ ತುಂಬ ನೊರೆ. "ಮೂವತ್ತು ವರ್ಷ ಊರವರದ್ದೆಲ್ಲ ಹಂಚಿದೆ. ಈಗ ನಂದೇ ಒಂದು ಪಾರ್ಸಲ್ ಕಟ್ಟಬೇಕಾ?"

ನರ್ಸಮ್ಮ ನಗಲಿಲ್ಲ. ಹೊಟ್ಟೆಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ, ಕಾಳು, ಸೊಪ್ಪು, ತರಕಾರಿಯ ನಾರೇ ಅವುಗಳ ಊಟ, ಬರೀ ಬನ್ನು ಚಹಾ ಹಾಕುತ್ತಿದ್ದರೆ ಒಳ್ಳೆಯವು ಕಡಿಮೆಯಾಗುತ್ತವೆ ಎಂದೆಲ್ಲ ಹೇಳಿದಳು.

"ಬಾಡಿಗೆ ಕೊಡದೆ ಕೂತಿರೋರಿಗೆ ಊಟಾನೂ ನಾವೇ ಹಾಕಬೇಕಾ?" ಎಂದ ಅಂಗಡಿಯವನು. ಬೆಂಚಿನ ಮೇಲಿದ್ದವರು ನಕ್ಕರು.

ಮನೆಯಲ್ಲಿ ಅದನ್ನೇ ತಮಾಷೆಯಾಗಿ ಹೇಳಿದ. ಹೆಂಡತಿ ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಮರುದಿನದಿಂದ ಬನ್ನು ನಿಂತಿತು. ಊಟದ ಡಬ್ಬಿಯಲ್ಲಿ ಕಾಳು, ಸೊಪ್ಪು, ಕ್ಯಾರೆಟ್, ಬೀಟ್‌ರೂಟ್ ಬಂದವು. ಆಗಾಗ ಹೊಟ್ಟೆ ಹಿಡಿದಂತಾಗುತ್ತಿತ್ತು. "ಹೊಸ ಊಟಕ್ಕೆ ಬಾಡಿಗೆಯವರು ಜಗಳ ತೆಗೆದಿದಾರೆ," ಎನ್ನುತ್ತಿದ್ದ.

ಸೀಸೆಗಳನ್ನು ಎಲ್ಲರಿಗೂ ಕೊಟ್ಟ. ಪೋಸ್ಟ್‌ಮನ್ ಬಂದಾಗಲೆಲ್ಲ "ಪಾರ್ಸಲ್ ಎಲ್ಲಿಗೆ ಬಂತು?" ಎಂದು ಅವನನ್ನು ಕಾಡುತ್ತಿದ್ದ. ಐವತ್ತು ದಾಟಿದ್ದರೂ ತಾನು ಮಾತ್ರ ಒಂದನ್ನೂ ತೆಗೆದುಕೊಳ್ಳಲಿಲ್ಲ. ಊರಿಗೆಲ್ಲ ಕಟಿಂಗ್ ಮಾಡುವವನ ಕೂದಲು ಯಾವಾಗಲೂ ಕಿವಿ ಮುಚ್ಚಿಕೊಂಡೇ ಇರುತ್ತಿತ್ತು, ಇದೂ ಹಾಗೆಯೇ. ಅಲ್ಲದೆ ಅವನು ದಿನಾ ಬೆಳಿಗ್ಗೆ ಕಕ್ಕಸಿಗೆ ನೀರು ಹಾಕುವ ಮುಂಚೆ ಬಗ್ಗಿ ನೋಡುತ್ತಿದ್ದ. ಕೆಂಪು ಏನೂ ಕಾಣುತ್ತಿರಲಿಲ್ಲ. ಪೋಸ್ಟರಿನ ಪ್ರಕಾರ ಅವನು ಚೆನ್ನಾಗಿದ್ದ.

ಮಳೆಗಾಲದಲ್ಲಿ ಪೋಸ್ಟ್‌ಮನ್ ಒಂದು ಚೀಲ ಬಾಳೆಹಣ್ಣು ಹಿಡಿದು ಬಂದ. ಅವನ ಸೀಸೆಯಲ್ಲಿ ರಕ್ತ ಸಿಕ್ಕಿತ್ತು. ಟ್ಯೂಬ್ ಹಾಕಿ ನೋಡಿದಾಗ ಕರುಳಿನಲ್ಲಿ ಕಡಲೆಕಾಳಿನಷ್ಟು ಗಂಟು. ಅಲ್ಲೇ ಕತ್ತರಿಸಿ ತೆಗೆದು ಸಂಜೆಗೆ ಮನೆಗೆ ಕಳಿಸಿದ್ದರು.

"ನೀನು ಬೆನ್ನು ಬೀಳದೆ ಇದ್ದಿದ್ರೆ ನಾನು ಹೋಗ್ತಾನೇ ಇರಲಿಲ್ಲ ಕಣಯ್ಯ."

"ನಿಮಗೆ ಮುಂಚೆ ಏನಾದ್ರೂ ಕಾಣ್ತಿತ್ತಾ, ಪೋಸ್ಟಣ್ಣ?"

"ಏನಿಲ್ಲ. ದಿನಾ ನೋಡ್ತಿದ್ದೆ. ಒಂದು ತೊಟ್ಟೂ ಕಂಡಿರಲಿಲ್ಲ."

ಶೇವಿಂಗ್ ಮುಗಿಸಿ ಅವನು ಪೋಸ್ಟ್‌ಮನ್ನನ ಮುಖಕ್ಕೆ ಪಟಿಕ ಉಜ್ಜಿದ. ಆಮೇಲೆ ಮರೆತು ಇನ್ನೊಂದು ಸಲ ಉಜ್ಜಿದ.

ಸಂಜೆ ಮನೆಯಲ್ಲಿ ಹೆಂಡತಿ ಒಣಗಿದ ಟವೆಲು ಮಡಿಸುತ್ತಿದ್ದಳು. ಅವನು ಎದುರು ಕೂತ.

"ನಾಳೆ ನಾನು ಹೋಗಿ ಬಂದ್ಮೇಲೆ ನೀರು ಹಾಕಲ್ಲ. ನೀನೊಂದ್ಸಲ ನೋಡು."

ಅವಳು ಮಡಿಸುತ್ತಲೇ ಇದ್ದಳು.

"ಏನೇ, ಕೇಳಿಸ್ತಾ?"

"ನೋಡಿದೀನಿ ರೀ."

"ಯಾವಾಗ?"

"ಬೇಸಿಗೆ ಶುರೂಲಿ ನಲ್ಲಿ ನೀರು ನಿಂತಿತ್ತಲ್ಲ, ಆವಾಗ. ಕೆಂಪಿತ್ತು. ಹಿಂದಿನ ದಿನ ಬೀಟ್‌ರೂಟ್ ಮಾಡಿದ್ದೆ. ಅದರದ್ದೇ ಅಂದ್ಕೊಂಡೆ."

"ಅದರದ್ದೇ ಇರುತ್ತೆ ಬಿಡು."

"ಆಮೇಲೆ ಇನ್ನೊಂದ್ಸಲಾನೂ ನೋಡಿದೆ."

ಅವಳು ಇನ್ನೊಂದು ಟವೆಲು ಎತ್ತಿಕೊಂಡಳು.

"ಆವತ್ತು ಮಾಡಿರಲಿಲ್ಲ."

ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಅದು ಶುರುವಾಗುತ್ತಿರಲಿಲ್ಲ.

"ಮತ್ಯಾಕೆ ಹೇಳಲಿಲ್ಲ?"

"ಅದರ ಹಿಂದಿನ ವಾರ ಮಾಡಿದ್ದೆ. ಒಂದು ವಾರ ಉಳ್ಕೊಳ್ಳುತ್ತೇನೋ ಅಂತ ನನಗೆ ನಾನೇ ಹೇಳ್ಕೊಂಡೆ."

ಅವನು ಬೈಯಲಿಲ್ಲ. ಒಂದು ಟವೆಲು ತೆಗೆದುಕೊಂಡು ಮಡಿಸಿದ. ಅಂಚಿಗೆ ಅಂಚು ಕೂಡಲಿಲ್ಲ. ಅವಳು ಅದನ್ನು ಬಿಚ್ಚಿ ಮತ್ತೆ ಮಡಿಸಿದಳು.

ಆಸ್ಪತ್ರೆಗೆ ಇಬ್ಬರನ್ನೂ ಪೋಸ್ಟ್‌ಮನ್ನೇ ಕರೆದುಕೊಂಡು ಹೋದ. ಅಲ್ಲಿನ ಬಾಗಿಲು, ಬಾಡಿಗೆ ಆಟೊ, ಕ್ಯಾಂಟೀನು ಎಲ್ಲ ಅವನಿಗೆ ಈಗ ಪರಿಚಯ. ಡಾಕ್ಟರು "ರಕ್ತ ಹೋಗ್ತಿತ್ತಾ?" ಎಂದು ಕೇಳಿದರು.

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ರೆ? ನೋಡ್ತಿರಲಿಲ್ವಾ?"

"ನೋಡ್ತಿದ್ದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅವರಿಗೆ ಕೆಂಪು ಕಾಣಲ್ಲ ಸಾರ್," ಎಂದಳು ಹೆಂಡತಿ. ಪೋಸ್ಟ್‌ಮನ್ ಪಕ್ಕದಲ್ಲೇ ಇದ್ದ. ಅವನ ಕೈ ತಾನಾಗಿ ತನ್ನ ಕೆನ್ನೆಯ ಮೇಲೆ ಹೋಯಿತು.

ಗಂಟು ಕಡಲೆಕಾಳಿನಷ್ಟಿರಲಿಲ್ಲ. ಹೊಟ್ಟೆ ಕೊಯ್ದು ತೆಗೆದರು. ಪಕ್ಕದ ಗ್ರಂಥಿಗಳಿಗೂ ಹಬ್ಬಿತ್ತು. ಔಷಧಿ ಏರಿಸಿದರು. "ಮತ್ತೆ ಬರಲ್ಲ ಅಂತ ಈಗಲೇ ಹೇಳೋಕಾಗಲ್ಲ. ಮುಂಚೆ ಸಿಕ್ಕಿದ್ರೆ ಸುಲಭ ಇರ್ತಿತ್ತು," ಎಂದರು ಡಾಕ್ಟರು. ಎಷ್ಟು ಮುಂಚೆ ಎಂದು ಇಬ್ಬರೂ ಕೇಳಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಅಂಗಡಿ ಮತ್ತೆ ತೆರೆದ. ಪೋಸ್ಟರು ಇನ್ನೂ ಇತ್ತು, ಒಂದು ಮೂಲೆ ಸುರುಳಿ ಸುತ್ತಿಕೊಂಡಿತ್ತು. ನಿಂತು ಕೆಲಸ ಮಾಡಲು ಆಗದೆ ಎತ್ತರದ ಸ್ಟೂಲ್ ಹಾಕಿಕೊಂಡ. ಹೆಂಡತಿ ಬೆಂಚಿನ ತುದಿಯಲ್ಲಿ ಕೂತಳು. ಮೊದಲ ಗಿರಾಕಿ ಪೋಸ್ಟ್‌ಮನ್. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದ, ಜೋಕು ಹೇಳಲಿಲ್ಲ.

"ಎಡಗಡೆ," ಎಂದಳು ಅವಳು. "ಕಿವಿ ಕೆಳಗೆ."

ಅವನು ಪಟಿಕದ ಕಲ್ಲನ್ನು ಒದ್ದೆ ಮಾಡಿ ಎಡಗಿವಿಯ ಕೆಳಗೆ ಇಟ್ಟ. ಬೇರೆಲ್ಲೂ ಉಜ್ಜಲಿಲ್ಲ.

ಹೋದದ್ದು ಇಷ್ಟು: ಒಂದೂವರೆ ಅಡಿ ಕರುಳು, ಹದಿನೇಳು ಕಿಲೊ ತೂಕ, ಗಿರಾಕಿಗಳಲ್ಲಿ ಅರ್ಧದಷ್ಟು, ಒಂದು ಗುಟ್ಟು, ನಲ್ಲಿ ನೀರು ನಿಂತ ದಿನದಿಂದ ಐದು ತಿಂಗಳು.